ಅರವತ್ತಮೂರನೆಯ ಪುಟ

ಕೈಪಿಡಿ ರಾಯರು ತೀರಿಕೊಂಡ ಸುದ್ದಿ ಮೊಟ್ಟಮೊದಲು ಮುಟ್ಟಿದ್ದು ಕೈಪಿಡಿ ರಾಯರಿಗೇ. ಮಂಗಳವಾರ ಬೆಳಿಗ್ಗೆ ಅಡುಗೆಮನೆಯ ಕಿಟಕಿಯ ಪಕ್ಕ ನಿಂತು ಕಾಫಿ ಕುಡಿಯುತ್ತಿದ್ದಾಗ ಫೋನು ಗುಂಯ್ ಎಂದಿತು. ಬಲಗಣ್ಣಿಗೆ ಪೊರೆ ಬಂದು ಲೋಕವೆಲ್ಲ ಹಾಲು ಚೆಲ್ಲಿದ ಹಾಗೆ ಕಾಣುತ್ತಿತ್ತು. ಎಡಗಣ್ಣಿನ ಹತ್ತಿರ ಹಿಡಿದು ಓದಿದರು. ಆಸ್ಪತ್ರೆಯ ಸಂದೇಶ. ರೋಗಿಯು ನಿಧನರಾದ ಕಾರಣ ಇಪ್ಪತ್ತನೇ ತಾರೀಕಿನ ಕಣ್ಣಿನ ಆಪರೇಷನ್ ರದ್ದಾಗಿದೆ. ಕುಟುಂಬದವರಿಗೆ ನಮ್ಮ ಸಂತಾಪಗಳು. ದಯವಿಟ್ಟು ಈ ಸಂದೇಶಕ್ಕೆ ಉತ್ತರಿಸಬೇಡಿ.

ಉತ್ತರಿಸಬೇಡಿ ಎಂದು ಬರೆದಿದ್ದರಿಂದ ರಾಯರು ಉತ್ತರಿಸಲಿಲ್ಲ. ಬರೆದದ್ದನ್ನು ಬರೆದ ಹಾಗೆ ಪಾಲಿಸುವುದು ಅವರ ಜಾಯಮಾನ.

ಈ ಜಾಯಮಾನದ ಹಿನ್ನೆಲೆಯನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ರಾಯರು ಹೊಟ್ಟೆಪಾಡಿಗೆ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದರು. ಆದರೆ ಅದೇ ಅವರ ಕೆಲಸ ಎಂದು ಯಾರಾದರೂ ಅಂದರೆ ಮುಖ ಸಪ್ಪಗೆ ಮಾಡಿಕೊಳ್ಳುತ್ತಿದ್ದರು. ಅವರ ನಿಜವಾದ ಕೆಲಸ ಬೇರೆಯೇ ಇತ್ತು. ‘ಕಡತ’ ಎಂಬ ಒಂದು ಸಾಫ್ಟ್‌ವೇರ್ ಇದೆ. ಹುಟ್ಟು ಸಾವು ಬರೆದಿಡುವ ಕಚೇರಿಗಳೂ ಆಸ್ಪತ್ರೆಗಳೂ ಅದನ್ನು ಬಳಸುತ್ತವೆ. ಅದು ಮುಕ್ತ ತಂತ್ರಾಂಶ. ಅಂದರೆ ಯಾರಪ್ಪನ ಸ್ವತ್ತೂ ಅಲ್ಲ, ಯಾರು ಬೇಕಾದರೂ ಬಿಟ್ಟಿ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ಯಾರು ಬೇಕಾದರೂ ತಿದ್ದಬಹುದಾದ್ದರಿಂದ ಯಾರೂ ತಿದ್ದುವುದಿಲ್ಲ. ಅದರ ಒಳಗಿನ ಯಂತ್ರಭಾಗವನ್ನು ನೋಡಿಕೊಳ್ಳುತ್ತಿದ್ದವನು ಎಲ್ಲೋ ದೂರದಲ್ಲಿರುವ, ಯಾರೂ ಮುಖ ನೋಡಿರದ, ‘ಗೂಬೆ’ ಎಂದು ತನ್ನನ್ನು ತಾನೇ ಕರೆದುಕೊಂಡ ಒಬ್ಬ. ಅವನು ವರ್ಷಕ್ಕೆ ಎರಡು ಸಲ ಹೊಸ ಆವೃತ್ತಿ ಹೊರಡಿಸಿ ಮಾಯವಾಗುತ್ತಿದ್ದ. ಯಾವ ಗುಂಡಿ ಎಲ್ಲಿಗೆ ಹೋಯಿತು, ಯಾವುದನ್ನು ಒತ್ತಿದರೆ ಏನಾಗುತ್ತದೆ, ಹಳೆಯದರಿಂದ ಹೊಸದಕ್ಕೆ ಹೇಗೆ ಬರಬೇಕು ಎಂಬುದನ್ನೆಲ್ಲ ಮನುಷ್ಯರ ಮಾತಿನಲ್ಲಿ ಬರೆದು ಕೈಪಿಡಿಯನ್ನು ತಾಜಾ ಇಡುವುದು ರಾಯರ ಪಾಲಿಗೆ ಬಂದಿತ್ತು.

ಹನ್ನೊಂದು ವರ್ಷದಿಂದ ಅದನ್ನೇ ಮಾಡುತ್ತಿದ್ದರು. ಪ್ರೆಸ್ಸಿನಲ್ಲಿ ‘ಕೈಪಿಡಿ ಸಂಪಾದಕರು’ ಎಂದು ದಪ್ಪಕ್ಷರದ ಕಾರ್ಡು ಹಾಕಿಸಿಕೊಂಡು ಕಂಡಕಂಡವರಿಗೆ ಹಂಚಿದ್ದರಿಂದ ಬೀದಿಯವರೆಲ್ಲ ಹಿಂದಿನಿಂದ ಕೈಪಿಡಿ ರಾಯರು ಎನ್ನುತ್ತಿದ್ದರು. ಅಷ್ಟು ವರ್ಷದಲ್ಲಿ ಓದುಗರಿಂದ ಅವರಿಗೆ ಒಂದೇ ಒಂದು ಧನ್ಯವಾದ ಬಂದಿರಲಿಲ್ಲ. ಇಪ್ಪತ್ತೆರಡನೇ ಪುಟದಲ್ಲಿ ಬಾಣದ ಗುರುತು ಎಡಕ್ಕೆ ತಿರುಗಿದೆ, ಇಷ್ಟೂ ನೋಡುವುದಿಲ್ಲವೆ ಎಂದು ಒಬ್ಬರು ಬರೆದದ್ದೇ ಅವರಿಗೆ ಬಂದ ಅತ್ಯಂತ ಆತ್ಮೀಯ ಪತ್ರ.

ಆಪರೇಷನ್ನಿನ ತಾರೀಕು ಸಿಕ್ಕಲು ಎಂಟು ತಿಂಗಳು ಕಾದಿದ್ದರು. ಎಡಗಣ್ಣೂ ಅಷ್ಟಕ್ಕಷ್ಟೆ. ಹಿಂದಿನ ತಿಂಗಳು ಒಂದೇ ಪುಟದಲ್ಲಿ ಮೂರು ತಪ್ಪು ಉಳಿಸಿದ್ದಕ್ಕೆ ಪ್ರೆಸ್ಸಿನ ಯಜಮಾನರು ಕರೆದು, ಇಪ್ಪತ್ತಕ್ಕೆ ಕಣ್ಣು ಸರಿಮಾಡಿಸಿಕೊಂಡು ಬನ್ನಿ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಬಹಳ ಮೆತ್ತಗೆ ಹೇಳಿದ್ದರು. ಮೆತ್ತಗೆ ಹೇಳುವ ಯಜಮಾನರ ಮಾತು ಗಟ್ಟಿ ಎಂದು ರಾಯರಿಗೆ ಗೊತ್ತಿತ್ತು. ಇನ್ನು ಉಳಿದಿದ್ದು ಎಂಟು ದಿನ.

ರಾಯರು ಹೆಂಡತಿಯನ್ನು ಕರೆದುಕೊಂಡು ಹುಟ್ಟು ಸಾವಿನ ದಾಖಲೆ ಕಚೇರಿಗೆ ಹೋದರು. ಸತ್ತವರ ಪಟ್ಟಿ ಆಸ್ಪತ್ರೆಗೆ ಹೋಗುವುದು ಅಲ್ಲಿಂದಲೇ. ಗುಮಾಸ್ತರು ಹೊಸಬರು, ಬಂದು ಎರಡು ವಾರವಾಗಿತ್ತು. ಮೇಜಿನ ಮೇಲೆ ಕೆಂಪು ರಟ್ಟು ಹಾಕಿಸಿ, ಪುಟಪುಟಕ್ಕೂ ಕಚೇರಿಯ ಮೊಹರು ಒತ್ತಿದ ಪುಸ್ತಕವೊಂದಿತ್ತು. ರಾಯರು ಬಗ್ಗಿ ನೋಡಿದರೆ, ತಮ್ಮದೇ ಕೈಪಿಡಿ. ಆದರೆ ಐದು ವರ್ಷ ಹಿಂದಿನದು. ಹಿಗ್ಗಿದ್ದು ಒಂದೇ ಕ್ಷಣ, ಮರುಕ್ಷಣ ನಲವತ್ತೊಂದನೇ ಪುಟ ನೆನಪಾಯಿತು.

ಸಂಗತಿ ಹೀಗಿತ್ತು. ಕೈಪಿಡಿಯ ನಲವತ್ತೊಂದನೇ ಪುಟದಲ್ಲಿ, ಸಾವನ್ನು ದಾಖಲಿಸುವುದು ಹೇಗೆ ಎಂದು ತೋರಿಸಲು ಒಂದು ಮಾದರಿ ಬೇಕಿತ್ತು. ಸುಳ್ಳು ಗುರುತಿನ ಸಂಖ್ಯೆ ಹಾಕಿದರೆ ‘ಕಡತ’ ಒಪ್ಪುವುದಿಲ್ಲ. ಕೊನೆಯ ಅಂಕಿಯನ್ನು ತಾಳೆ ನೋಡಿ ವಾಪಸ್ ಎಸೆಯುತ್ತದೆ. ಇನ್ನೊಬ್ಬರ ನಿಜವಾದ ಸಂಖ್ಯೆ ಹಾಕಿ ಅವರನ್ನು ಸಾಯಿಸಲು ರಾಯರಿಗೆ ಮನಸ್ಸು ಬರಲಿಲ್ಲ. ಅದಕ್ಕೆ ತಮ್ಮದೇ ಹೆಸರು, ತಮ್ಮದೇ ಸಂಖ್ಯೆ, ತಮ್ಮದೇ ವಿಳಾಸ ಹಾಕಿದರು. ಆಗೆಲ್ಲ ‘ಕಡತ’ ತೆರೆದೊಡನೆ ಅಭ್ಯಾಸದ ಸ್ಥಿತಿಯಲ್ಲಿರುತ್ತಿತ್ತು, ಏನು ಬರೆದರೂ ಅಳಿಸಿಹೋಗುತ್ತಿತ್ತು. ಮೂರು ವರ್ಷ ಹಿಂದೆ ಗೂಬೆ ಅದನ್ನು ತೆಗೆದುಹಾಕಿದ. ರಾಯರು ಮಾದರಿ ಬದಲಿಸಿ, ಎಚ್ಚರಿಕೆ ಎಂದು ದಪ್ಪಕ್ಷರದಲ್ಲಿ ಮೊದಲ ಪುಟದಲ್ಲೇ ಬರೆದರು. ಹೊಸ ಕೈಪಿಡಿಯ ಮೊದಲ ಪುಟದಲ್ಲಿ. ಅದನ್ನು ಈ ಕಚೇರಿಯಲ್ಲಿ ಯಾರೂ ತೆರೆದೇ ಇರಲಿಲ್ಲ.

ಗುಮಾಸ್ತರಿಗೆ ಮಾತ್ರ ಬಹಳ ಸಂತೋಷವಾಯಿತು. ಕೆಲಸ ಕಲಿಯಲೆಂದು ಪುಸ್ತಕ ಮುಂದಿಟ್ಟುಕೊಂಡು ನಲವತ್ತೊಂದನೇ ಪುಟವನ್ನು ಒಂದಕ್ಷರವೂ ಬಿಡದೆ ಟೈಪ್ ಹೊಡೆದು, ‘ಉಳಿಸಿ’ ಎಂದು ಬರೆದ ಕಡೆ ಉಳಿಸಿ, ‘ಕಳುಹಿಸಿ’ ಎಂದು ಬರೆದ ಕಡೆ ಕಳುಹಿಸಿದ್ದನ್ನು ಹೆಮ್ಮೆಯಿಂದ ವಿವರಿಸಿದರು. ಒಂದೂ ತಪ್ಪಾಗಲಿಲ್ಲ ಸಾರ್, ಎಂಥಾ ಚೆನ್ನಾಗಿ ಬರೆದಿದ್ದಾರೆ ಎಂದರು. ಹನ್ನೊಂದು ವರ್ಷದಲ್ಲಿ ರಾಯರ ಕಿವಿಗೆ ಬಿದ್ದ ಮೊದಲ ಮೆಚ್ಚುಗೆ ಅದು. ಅದನ್ನು ಪೂರ್ತಿ ಸವಿಯುವ ಸ್ಥಿತಿಯಲ್ಲಿ ಅವರಿರಲಿಲ್ಲ.

ರದ್ದು ಮಾಡಿ ಎಂದು ರಾಯರು ಕೇಳಿಕೊಂಡರು. ಗುಮಾಸ್ತರು ಒಪ್ಪಿದರು, ತಪ್ಪಾಗಿದೆ, ತಿದ್ದೋಣ, ಅದಕ್ಕೇನಂತೆ. ಪರಿವಿಡಿ ನೋಡಿದರು. ‘ಸಾವಿನ ದಾಖಲೆಯನ್ನು ರದ್ದು ಮಾಡುವುದು: ಪುಟ ೬೩.’ ತೆರೆದರು. ಪುಟದ ನಡುವೆ ಒಂದೇ ಸಾಲು ಇತ್ತು. ‘ಈ ಪುಟ ಸಿದ್ಧವಾಗುತ್ತಿದೆ. ಮುಂದಿನ ಆವೃತ್ತಿಯಲ್ಲಿ ನಿರೀಕ್ಷಿಸಿ.’ ಅದರ ಮೇಲೂ ಮೊಹರು ಒತ್ತಲಾಗಿತ್ತು.

ಆರು ವರ್ಷದಿಂದ, ಹನ್ನೆರಡು ಆವೃತ್ತಿಗಳಲ್ಲಿ, ಆ ಪುಟ ಸಿದ್ಧವಾಗುತ್ತಲೇ ಇತ್ತು. ಸತ್ತವರು ಎದ್ದು ಬಂದು ಕೇಳುವುದುಂಟೆ, ಆಮೇಲೆ ಬರೆದರಾಯಿತು ಎಂದು ರಾಯರು ಬಿಟ್ಟಿದ್ದರು.

“ಪುಟ ಬಂದ ತಕ್ಷಣ ಮಾಡಿಕೊಡ್ತೀನಿ ಸಾರ್. ಪುಟ ಇಲ್ಲದೆ ಗುಂಡಿ ಒತ್ತಿದರೆ ನನ್ನ ಕೆಲಸ ಹೋಗುತ್ತೆ,” ಎಂದರು ಗುಮಾಸ್ತರು.

ಬರೆಯುವವನು ನಾನೇ ಎಂದು ರಾಯರು ಕಾರ್ಡು ತೆಗೆದು ಕೊಟ್ಟರು. ಗುಮಾಸ್ತರು ಕಾರ್ಡನ್ನೂ ಪರದೆಯನ್ನೂ ತಾಳೆ ನೋಡಿದರು. ಅವರ ಮುಖ ಗಂಭೀರವಾಯಿತು. ಕೈಪಿಡಿ ಬರೆದವರೇ ದಾಖಲೆಯ ಪ್ರಕಾರ ತೀರಿಕೊಂಡಿರುವುದು ಅವರಿಗೆ ಆಗ ಹೊಳೆಯಿತು. ಒಳ್ಳೆಯ ಮನುಷ್ಯ, ಕೈಕಟ್ಟಿ ಕೂರಲಿಲ್ಲ. ರಾಯರು ಮನೆ ಸೇರುವಷ್ಟರಲ್ಲಿ ‘ಕಡತ’ದ ಬಳಕೆದಾರರ ಚರ್ಚಾಪುಟದಲ್ಲಿ ಬರೆದು ಹಾಕಿದ್ದರು: ನಮ್ಮ ಕಚೇರಿಯ ದಾಖಲೆಯಂತೆ ತಮ್ಮ ಕೈಪಿಡಿಯ ಲೇಖಕರು ನಿಧನರಾಗಿದ್ದಾರೆ; ಅರವತ್ತಮೂರನೇ ಪುಟವನ್ನು ಇನ್ನು ಯಾರು ಬರೆಯುತ್ತಾರೆ ಎಂದು ತಿಳಿಸಿ; ತುರ್ತು.

ಅರವತ್ತಮೂರನೇ ಪುಟವನ್ನು ಯಾರು ಬರೆಯುತ್ತಾರೆ ಎಂದು ಯಾರೂ ಹೇಳಲಿಲ್ಲ. ಅದರ ಬದಲು ಸಂತಾಪ ಸುರಿಯಿತು.

ಪರದೆಯ ಸಣ್ಣಕ್ಷರ ಕಾಣದೆ ರಾಯರು ಹೆಂಡತಿಯಿಂದ ಓದಿಸಿದರು. ಆಕೆ ಮೇಜಿನ ಮುಂದೆ ಕೂತು ಒಂದೊಂದನ್ನೇ ಓದುತ್ತಾ ಹೋದಳು. ಅವರ ಕೈಪಿಡಿಯಿಲ್ಲದಿದ್ದರೆ ನಾನು ಕೆಲಸಕ್ಕೇ ಸೇರುತ್ತಿರಲಿಲ್ಲ ಎಂದು ಒಬ್ಬರು. ಅಂಥ ಸ್ಪಷ್ಟ ಬರವಣಿಗೆ ಇನ್ನು ಕಾಣೆವು ಎಂದು ಇನ್ನೊಬ್ಬರು. ಬಾಣದ ಗುರುತಿನವರು ನಾಲ್ಕು ಪ್ಯಾರಾ ಬರೆದು, ದಿವಂಗತರೊಂದಿಗೆ ತಮಗಿದ್ದ ದೀರ್ಘ ಪತ್ರವ್ಯವಹಾರವನ್ನು ನೆನೆದಿದ್ದರು. ಮುನ್ನೂರ ಹನ್ನೆರಡು ಸಂತಾಪ. ಹನ್ನೊಂದು ವರ್ಷದಲ್ಲಿ ರಾಯರಿಗೆ ಎರಡು ಸಾಲಿನ ಟಿಪ್ಪಣಿಗಳನ್ನಷ್ಟೇ ಬರೆದಿದ್ದ ಗೂಬೆ ಕೂಡ, ಅವರು ನನ್ನ ಎರಡನೇ ತಲೆ ಎಂದು ಬರೆದು, ಗೌರವಾರ್ಥವಾಗಿ ಅವರ ಖಾತೆಗೆ ಬೀಗ ಹಾಕಿದ್ದೇನೆ, ಅದನ್ನು ಯಾರೂ ಎಂದೂ ತೆರೆಯಲಾಗದು ಎಂದು ಸಾರಿದ್ದ.

“ಇಷ್ಟೊಂದು ಜನ ಓದ್ತಾ ಇದ್ರಾ?” ಎಂದಳು ಹೆಂಡತಿ.

ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. ಇಲ್ಲಿ ಕಥೆ ಹೇಳುವವನು ಒಂದು ಸತ್ಯವನ್ನು ಮುಚ್ಚಿಡಬಾರದು: ಆ ಸಂಜೆಯೇ ತಾವು ಬದುಕಿರುವುದನ್ನು ತಿಳಿಸುವ ದಾರಿಯನ್ನು ರಾಯರು ಹುಡುಕಬಹುದಿತ್ತು. ಹುಡುಕಲಿಲ್ಲ. ನಾಳೆ ನೋಡೋಣ, ಇನ್ನೊಂದು ಹತ್ತು ಓದು ಎಂದರು. ಮರುದಿನ ಪ್ರೆಸ್ಸಿಗೆ ರಜೆ ಹಾಕಿ ಮೊದಲಿನಿಂದ ಇನ್ನೊಮ್ಮೆ ಓದಿಸಿದರು. ಹೀಗೆ ಎಂಟು ದಿನದಲ್ಲಿ ಎರಡು ದಿನ ತಮ್ಮ ಸಾವನ್ನು ಅನುಭವಿಸುವುದರಲ್ಲೇ ಕಳೆದವು.

ಅಷ್ಟರಲ್ಲಿ ಹೆಂಡತಿಯ ತಮ್ಮ ಸುದ್ದಿ ಕೇಳಿ ಓಡಿಬಂದ. ಅವನದು ಟೈರು ರಿಪೇರಿ ಅಂಗಡಿ. ಮೆಟ್ಟಿಲು ಹತ್ತುವಾಗಲೇ ಮುಖ ಬಾಡಿಸಿಕೊಂಡು ಬಂದವನು, ಭಾವ ಬಾಗಿಲು ತೆಗೆದದ್ದು ನೋಡಿ ಗಾಬರಿಗಿಂತ ಹೆಚ್ಚು ನಿರಾಸೆಪಟ್ಟ ಹಾಗೆ ಕಂಡ. ಮೇಲಿನ ಮನೆಯ ನಿವೃತ್ತ ಅಳತೆಗಾರರು ಅವನ ಹಿಂದೆಯೇ ಇಳಿದು ಬಂದು, ವಿಚಾರಿಸಿಕೊಂಡು, ದಾಖಲೆಯಲ್ಲಿ ಬಂದಿದೆ ಎಂದಮೇಲೆ ಸುಮ್ಮಸುಮ್ಮನೆ ಬಂದಿರಲಿಕ್ಕಿಲ್ಲ, ನೀವು ಯಾವುದಕ್ಕೂ ಒಂದು ಸಲ ಡಾಕ್ಟರಿಗೆ ಎದೆ ತೋರಿಸಿಕೊಳ್ಳಿ ಎಂದು ಸಲಹೆ ಕೊಟ್ಟು ಹೋದರು.

ಮೂರನೇ ದಿನ ರಾಯರಿಗೆ ಎಚ್ಚರವಾಯಿತು. ಹೊಸ ಖಾತೆ ತೆರೆದು, ನಾನು ಸತ್ತಿಲ್ಲ, ಇದೊಂದು ಮಾದರಿಯಿಂದಾದ ಎಡವಟ್ಟು ಎಂದು ವಿನಯದಿಂದ ಬರೆದರು. ಹದಿನೈದು ನಿಮಿಷದಲ್ಲಿ ಅದು ಮಾಯವಾಯಿತು. ಸತ್ತವರ ಹೆಸರಿನಲ್ಲಿ ತಮಾಷೆ ಮಾಡುವ ಇಂಥ ಕೀಳು ಮನಸ್ಸುಗಳನ್ನು ಸಹಿಸಲಾಗದು ಎಂಬ ಎಚ್ಚರಿಕೆ ಬಂತು. ಮುಖ ತೋರಿಸಿ ವಿಡಿಯೊ ಕಳಿಸೋಣವೆಂದರೆ, ಅವರ ಮುಖ ಅಲ್ಲಿ ಯಾರೂ ಕಂಡಿರಲಿಲ್ಲ.

ಹಾಳಾಗಿ ಹೋಗಲಿ, ಪುಟವನ್ನಾದರೂ ಕಳಿಸೋಣ ಎಂದು ರಾಯರು ಅರವತ್ತಮೂರನೇ ಪುಟ ಬರೆಯಲು ಕೂತರು. ಆರು ವರ್ಷ ಮುಂದೂಡಿದ್ದನ್ನು ಆರು ಗಂಟೆಯಲ್ಲಿ ಬರೆದರು. ಮೂಗು ಪರದೆಗೆ ತಾಗಿಸಿಕೊಂಡು, ಒಂದೊಂದು ಹೆಜ್ಜೆಯನ್ನೂ ತಮ್ಮ ಕಂಪ್ಯೂಟರಿನ ಪ್ರತಿಯಲ್ಲಿ ತಾವೇ ಮಾಡಿ ನೋಡಿ, ಬಾಣದ ಗುರುತುಗಳೆಲ್ಲ ಸರಿಯಾದ ಕಡೆ ತಿರುಗಿವೆಯೆ ಎಂದು ಹೆಂಡತಿಯಿಂದ ಖಾತ್ರಿ ಮಾಡಿಸಿಕೊಂಡು, ಹೆಸರು ಹಾಕದೆ ಕಳಿಸಿದರು. ಅದು ಅವರ ಜೀವಮಾನದ ಅತ್ಯುತ್ತಮ ಪುಟವಾಗಿತ್ತು.

ಆದರೆ ಈಗ ಕೈಪಿಡಿಗೆ ಒಂದು ಸಮಿತಿ ಬಂದಿತ್ತು. ದಿವಂಗತರ ಸ್ಮರಣಾರ್ಥ ಏಳು ಜನ ಸೇರಿ ಕಟ್ಟಿದ್ದು. ರಾಯರು ಬದುಕಿದ್ದಾಗ ಒಂದು ಸಾಲಿಗೂ ಕೈ ಜೋಡಿಸದ ಏಳು ಜನ. ಅವರು ಮರುದಿನ ಉತ್ತರ ಕಳಿಸಿದರು. ಹೆಂಡತಿ ಓದಿದಳು:

“ನಿಮ್ಮ ಉತ್ಸಾಹಕ್ಕೆ ವಂದನೆ. ಆದರೆ ಈ ಪುಟದ ಶೈಲಿ ನಮ್ಮ ದಿವಂಗತ ಸಂಪಾದಕರ ಮಟ್ಟಕ್ಕೆ ಬಂದಿಲ್ಲ. ದಯವಿಟ್ಟು ಅವರ ಬರಹಗಳನ್ನು ನಾಲ್ಕಾರು ಸಲ ಓದಿ, ಅಭ್ಯಾಸ ಮಾಡಿ, ಮತ್ತೆ ಪ್ರಯತ್ನಿಸಿ.”

ರಾಯರು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ಅವರಿಗೆ ಅಳು ಬಂದಿತ್ತೋ ಸಿಟ್ಟು ಬಂದಿತ್ತೋ, ಹೆಂಡತಿ ಕೇಳಲಿಲ್ಲ. ಆಕೆಗೆ ಮಾತ್ರ ಸಿಟ್ಟೇ ಬಂದಿತ್ತು. ಹನ್ನೊಂದು ವರ್ಷದ ಭಾನುವಾರಗಳನ್ನು ಈ ಏಳು ಜನಕ್ಕೆ ಸುರಿದಿರಿ ಎಂದು ನೇರವಾಗಿ ಹೇಳಿದಳು.

ಉಪಾಯ ಹೊಳೆದದ್ದು ಟೈರಿನ ಅಂಗಡಿಯವನಿಗೆ. ಭಾವ, ನೀವು ಬದುಕಿದ್ದೀರಿ ಅಂತ ಹೊಡೆದಾಡೋದು ಬಿಡಿ, ಸತ್ತ ಕಡೆಯಿಂದಲೇ ಹೋಗೋಣ ಎಂದ. ಅಕ್ಕನ ಹೆಸರಿನಲ್ಲಿ ಒಂದು ಖಾತೆ ತೆರೆಸಿದ. ಅದೇ ಪುಟವನ್ನು ಒಂದಕ್ಷರವೂ ಬದಲಿಸದೆ ಹಾಕಿ, ಮೇಲೆ ಹೀಗೆ ಬರೆಸಿದ: ‘ನಮ್ಮ ಯಜಮಾನರ ಕಾಗದಪತ್ರಗಳಲ್ಲಿ ಸಿಕ್ಕಿದ್ದು. ಬಹುಶಃ ಕೊನೆಯದಾಗಿ ಬರೆದದ್ದು.’ ಈ ವಾಕ್ಯವನ್ನು ಟೈಪ್ ಮಾಡುವಾಗ ಹೆಂಡತಿಯ ಕೈ ಎರಡು ಸಲ ನಿಂತಿತು. ಗಂಡ ಎದುರಿಗೇ ಬನಿಯನ್ನಿನಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದರು.

ನಲವತ್ತು ನಿಮಿಷಕ್ಕೆ ಒಪ್ಪಿಗೆ ಬಂತು. ಸಮಿತಿಯ ಅಧ್ಯಕ್ಷರು, ಓದುತ್ತಿದ್ದಂತೆ ಕಣ್ಣು ತುಂಬಿ ಬಂತು, ಪ್ರತಿ ಸಾಲಿನಲ್ಲೂ ಅವರ ಮುದ್ರೆ ಇದೆ, ಇದನ್ನು ಬೇರಾರೂ ಬರೆಯಲು ಸಾಧ್ಯವೇ ಇಲ್ಲ ಎಂದರು. ಗೂಬೆ ಪುಟದ ಪ್ರಕಾರ ಎಲ್ಲ ಹೆಜ್ಜೆಗಳನ್ನೂ ಪರೀಕ್ಷಿಸಿ, ರದ್ದಾದ ಸಾವುಗಳ ಪಟ್ಟಿ ಆಸ್ಪತ್ರೆಗಳಿಗೂ ತಿಳಿಯುವಂತೆ ಒಂದು ಹೊಸ ಸೌಲಭ್ಯ ಸೇರಿಸಿ, ಭಾನುವಾರವೇ ‘ಸ್ಮರಣ ಆವೃತ್ತಿ’ ಹೊರಡಿಸಿದ.

ಸೋಮವಾರ ಗುಮಾಸ್ತರು ಪುಟವನ್ನು ಅಚ್ಚು ತೆಗೆದು, ಕೆಂಪು ಪುಸ್ತಕದಲ್ಲಿ ಹಳೆಯ ಅರವತ್ತಮೂರರ ಮೇಲೆ ಅಂಟಿಸಿ, ಮೊಹರು ಒತ್ತಿ, ಅದು ಒಣಗುವವರೆಗೆ ಕಾದು, ಆಮೇಲೆ ಶುರುಮಾಡಿದರು. ಒಂಬತ್ತು ಹೆಜ್ಜೆ. ಒಂಬತ್ತರಲ್ಲೂ ಒಂದೂ ತಪ್ಪಲಿಲ್ಲ. ರಾಯರ ಕೈಗೆ ಚೀಟಿ ಬಂತು: ಸಾವು ರದ್ದಾಗಿದೆ. ಪುಣ್ಯಾತ್ಮ ಎಷ್ಟು ಚೆನ್ನಾಗಿ ಬರೆದಿಟ್ಟು ಹೋಗಿದ್ದಾರೆ ನೋಡಿ ಸಾರ್ ಎಂದರು ಗುಮಾಸ್ತರು. ತಾವು ಈಗಷ್ಟೇ ಬದುಕಿಸಿದ್ದು ಆ ಪುಣ್ಯಾತ್ಮನನ್ನೇ ಎಂಬುದು ಆ ಗಳಿಗೆಯಲ್ಲಿ ಅವರ ತಲೆಯಲ್ಲಿ ಇರಲಿಲ್ಲ. ರಾಯರು ನೆನಪಿಸಲೂ ಹೋಗಲಿಲ್ಲ. ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ಬುಧವಾರ, ಇಪ್ಪತ್ತನೇ ತಾರೀಕು, ಏಳೂವರೆಗೇ ಗಂಡ ಹೆಂಡತಿ ಆಸ್ಪತ್ರೆಯಲ್ಲಿದ್ದರು. ಹೆಂಡತಿ ಬದಲಿ ಅಂಗಿ, ಟವೆಲ್ಲು, ಕಾಯಿಸಿದ ನೀರು ಎಲ್ಲವನ್ನೂ ಒಂದು ಚೀಲದಲ್ಲಿ ತಂದಿದ್ದಳು. ಆಪರೇಷನ್ ಆದಮೇಲೆ ಕಣ್ಣಿಗೆ ಪಟ್ಟಿ ಇರುವಾಗ ಓದಿ ಹೇಳಬೇಕೆಂದು ರಾಯರು ಲ್ಯಾಪ್‌ಟಾಪನ್ನೂ ಹಾಕಿಸಿದ್ದರು. ಹೆಸರು ಬರೆಸುವ ಕಿಟಕಿಯಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಇದ್ದಳು. ಚೀಟಿ ತೆಗೆದುಕೊಂಡು ಎರಡೂ ಬದಿ ಓದಿ, ಪರದೆ ನೋಡಿ, ಪಾಪ ಎನ್ನುವಂತೆ ತಲೆ ಅಲ್ಲಾಡಿಸಿದಳು.

“ನಮ್ಮಲ್ಲಿ ನೀವಿನ್ನೂ ತೀರಿಕೊಂಡೇ ಇದ್ದೀರಿ ಸಾರ್. ನಮ್ಮದು ಹಳೇ ಆವೃತ್ತಿ. ಅದಕ್ಕೆ ಸತ್ತವರ ಪಟ್ಟಿ ಓದೋಕೆ ಬರುತ್ತೆ, ವಾಪಸ್ ಬಂದವರ ಪಟ್ಟಿ ಓದೋಕೆ ಬರಲ್ಲ. ಹೊಸದರಲ್ಲಿ ಬರುತ್ತಂತೆ.”

ಹೊಸದನ್ನು ಹಾಕಿಕೊಳ್ಳಬಹುದಲ್ಲ ಎಂದರು ರಾಯರು.

ಹಾಕಿಕೊಳ್ಳಬಹುದು, ಆದರೆ ಹಳೆಯದರಿಂದ ಹೊಸದಕ್ಕೆ ಬರುವುದು ಹೇಗೆ ಎಂಬ ಟಿಪ್ಪಣಿ ಬರಬೇಕು ಎಂದಳು ಆಕೆ. ಅದಿಲ್ಲದೆ ಯಾವ ಕಾರಣಕ್ಕೂ ಹೊಸ ಆವೃತ್ತಿ ಹಾಕಕೂಡದು ಎಂದು ಕೈಪಿಡಿಯಲ್ಲೇ ದಪ್ಪಕ್ಷರದಲ್ಲಿ ಇದೆಯಂತೆ. ಇದೆ ಎಂದು ರಾಯರಿಗೆ ಗೊತ್ತಿತ್ತು. ಆ ವಾಕ್ಯವನ್ನು ಮೂರು ದಿನ ಯೋಚಿಸಿ ಬರೆದಿದ್ದರು. ಸಮಿತಿಯವರು ಬರೆಯುತ್ತಾರಲ್ಲ ಎಂದು ಕೇಳಿದರು. ಸಮಿತಿಯಲ್ಲಿ ಈಗ ಸ್ಮಾರಕ ಪುಟದ ಬಣ್ಣ ಯಾವುದಿರಬೇಕು ಎಂಬ ಚರ್ಚೆ ನಡೆಯುತ್ತಿದೆ ಎಂದು ನಮ್ಮ ಕಂಪ್ಯೂಟರ್ ವಿಭಾಗದವರು ಹೇಳಿದರು ಎಂದಳು.

“ಮುಂಚೆ ಎಲ್ಲ ಹೊಸದು ಬಂದ ದಿನವೇ ಟಿಪ್ಪಣಿನೂ ಬಂದುಬಿಡ್ತಿತ್ತು. ಬರೀತಿದ್ದವರು ತೀರಿಕೊಂಡರಂತೆ. ನಿಮಗೇನಾದ್ರೂ ಪರಿಚಯ ಇತ್ತಾ ಅವರದ್ದು?”

ಹೆಂಡತಿ ಬಾಯಿ ತೆರೆದಳು. ರಾಯರು ಅವಳ ಕೈ ಒತ್ತಿದರು. ಬದುಕಿದ್ದೇನೆ ಎಂದು ಹೇಳಿ ಹೇಳಿ ಅವರಿಗೆ ಸಾಕಾಗಿತ್ತು.

“ಇತ್ತು,” ಎಂದರು. “ದಡ್ಡ. ಯಾರೂ ಕೇಳದಿದ್ರೂ ಬರೀತಿದ್ದ.”

ಛೆ, ಸತ್ತವರನ್ನು ಹಾಗನ್ನಬಾರದು ಎಂದಳು ಕಿಟಕಿಯಾಕೆ. ಹೊಸ ತಾರೀಕು ಬೇಕಾದರೆ ಎಂಟು ತಿಂಗಳ ಮೇಲೆ. ಟಿಪ್ಪಣಿ ಬಂದು, ಹೊಸ ಆವೃತ್ತಿ ಹಾಕಿ, ಹೆಸರು ಜೀವಂತ ತೋರಿಸಿದ ಮೇಲೆಯೇ ಅದನ್ನೂ ಬರೆದುಕೊಳ್ಳಲು ಸಾಧ್ಯ. ಮುಂದಿನವರು ಬನ್ನಿ ಎಂದಳು.

ಇಬ್ಬರೂ ಪಡಸಾಲೆಯ ಬೆಂಚಿನ ಮೇಲೆ ಕೂತರು. ಪ್ರೆಸ್ಸಿನ ಯಜಮಾನರಿಗೆ ಏನು ಹೇಳುವುದು ಎಂದು ಇಬ್ಬರೂ ಯೋಚಿಸುತ್ತಿದ್ದರು. ಎದುರಿನ ಗೋಡೆಯ ಮೇಲೆ ದೊಡ್ಡ ಅಕ್ಷರದಿಂದ ಸಣ್ಣ ಅಕ್ಷರಕ್ಕೆ ಇಳಿಯುವ ಕಣ್ಣು ಪರೀಕ್ಷೆಯ ಹಲಗೆ ಇತ್ತು. ರಾಯರಿಗೆ ಮೇಲಿನ ಎರಡು ಸಾಲು ಕಂಡವು. ಸ್ವಲ್ಪ ಹೊತ್ತಾದಮೇಲೆ ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಹೆಂಡತಿಯ ತೊಡೆಯ ಮೇಲಿಟ್ಟರು.

“ಬರ್ಕೋ. ಹಳೆಯದರಿಂದ ಹೊಸ ಆವೃತ್ತಿಗೆ ಬರುವ ವಿಧಾನ. ಹೆಜ್ಜೆ ಒಂದು.”

ಆಕೆ ಬೆರಳು ಎತ್ತಿ ಹಾಗೇ ಹಿಡಿದಳು. “ಇದನ್ನ ಯಾರು ಬರೆದಿದ್ದು ಅಂತ ಹಾಕ್ಲಿ?”

“ಕಾಗದಪತ್ರದಲ್ಲಿ ಸಿಕ್ಕಿದ್ದು ಅಂತ ಹಾಕು. ಇಲ್ಲದಿದ್ರೆ ತಗೊಳ್ಳಲ್ಲ.”

“ಇನ್ನೂ ಎಷ್ಟು ಸಿಗುತ್ತೆ ರೀ ನಿಮ್ಮ ಕಾಗದಪತ್ರದಲ್ಲಿ?”

ರಾಯರು ಹಲಗೆಯ ಮೂರನೇ ಸಾಲನ್ನು ಓದಲು ಇನ್ನೊಮ್ಮೆ ಪ್ರಯತ್ನಿಸಿ ಬಿಟ್ಟರು.

“ಕಣ್ಣು ಕಾಣೋ ತನಕ,” ಎಂದರು.

ಆಕೆ ಟೈಪ್ ಮಾಡತೊಡಗಿದಳು.